ಮೂರನೇ ಕೋಣೆಯ ಬಡಿತ

ಶೈತ್ಯಾಗಾರದ ಬಾಗಿಲು ಅಂಗೈ ಅಗಲದಷ್ಟು ದಪ್ಪ. ಒಳಗೆ ಸಿಕ್ಕಿಬಿದ್ದವರು ಎಷ್ಟೇ ಕಿರುಚಿದರೂ ಹೊರಗೆ ಕೇಳುವುದಿಲ್ಲ. ಬಡಿದರೆ ಕೇಳುತ್ತದೆ, ಅದೂ ದೂರದಲ್ಲೆಲ್ಲೋ ಯಾರೋ ಮೊಳೆ ಹೊಡೆದ ಹಾಗೆ.

ಇದು ತೂಕದಕ್ಕನಿಗೆ ಗೊತ್ತಾಗಿದ್ದು ನಾದಿನಿ ಸತ್ತ ಮೇಲೆ. ಮೀನಿನ ಪೆಟ್ಟಿಗೆಗಳನ್ನು ತೂಗಿ ಚೀಟಿ ಅಂಟಿಸುವುದು ತೂಕದಕ್ಕನ ಕೆಲಸ. ಹದಿನೆಂಟು ವರ್ಷದಿಂದ ಅದೇ ತಕ್ಕಡಿ, ಅದೇ ಒದ್ದೆ ನೆಲ. ಗಂಡನ ತಂಗಿಯನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವಳೂ ಅವಳೇ. ಮೂರನೇ ಕೋಣೆಯ ಬಾಗಿಲಿನ ಒಳಹಿಡಿ ಕಿತ್ತುಹೋಗಿತ್ತು. ಪೆಟ್ಟಿಗೆ ಇಡಲು ಹೋದ ನಾದಿನಿಯ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ತೂಕದಕ್ಕನಿಗೆ ಟಕ್ ಟಕ್ ಎಂದು ಕೇಳಿಸಿತ್ತು. ಯಂತ್ರದ ಸದ್ದು ಅಂದುಕೊಂಡು ತೂಕ ನೋಡುತ್ತ ಕೂತಳು. ಸಂಜೆ ಬಾಗಿಲು ತೆರೆದಾಗ ಎಲ್ಲ ಮುಗಿದಿತ್ತು.

ಆಮೇಲೂ ಬಡಿತ ನಿಲ್ಲಲಿಲ್ಲ. ವಾರಕ್ಕೊಮ್ಮೆಯಾದರೂ, ಯಾರೂ ಇಲ್ಲದ ಕೋಣೆಯ ಒಳಗಿನಿಂದ. ಕೇಳಿದ ಕೂಡಲೇ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು, ತಲೆ ತಗ್ಗಿಸಿ ನಿಂತುಬಿಡುತ್ತಿದ್ದರು. ಸದ್ದಡಗಿದ ಮೇಲೆ ಮತ್ತೆ ಕೆಲಸ. ಗೌರವವಂತೆ! ಬದುಕಿದ್ದಾಗ ಬಾಗಿಲಿಗೊಂದು ಹಿಡಿ ಹಾಕಿಸಿಕೊಡದವರು ಸತ್ತ ಮೇಲೆ ಕೊಡುವ ಗೌರವ. ಹಿಡಿಯ ಮಾತೆತ್ತಿದರೆ ಮೇಸ್ತ್ರಿ, "ಅವಳಿರೋ ಜಾಗದಲ್ಲಿ ಸುತ್ತಿಗೆ ಹಿಡಿಯೋಕೆ ಯಾರಿಗಮ್ಮ ಧೈರ್ಯ?" ಎನ್ನುತ್ತಿದ್ದ. ದೆವ್ವ ಇದ್ದರೆ ಎಷ್ಟು ಅನುಕೂಲ ನೋಡಿ.

ತೂಕದಕ್ಕ ಮಾತ್ರ ಪ್ರತಿ ಸಲ ಎದ್ದು ಹೋಗಿ ಬಾಗಿಲು ತೆರೆಯುತ್ತಿದ್ದಳು. ಬಿಳಿ ಹಬೆ ಮುಖಕ್ಕೆ ರಾಚುತ್ತಿತ್ತು. ಯಾರೂ ಇರುತ್ತಿರಲಿಲ್ಲ.

"ಏನಂತೆ ನಿನ್ ನಾದಿನಿ? ಕಾಫಿ ಬೇಕಂತಾ?" ಪ್ಯಾಕಿಂಗಿನವಳೊಬ್ಬಳು ಹಲ್ಲು ಕಿರಿಯುತ್ತಿದ್ದಳು.

"ಹೂಂ. ನೀನೇ ಒಳಗೆ ತಂದುಕೊಡ್ಬೇಕಂತೆ," ಎಂದರೆ ಬಾಯಿ ಬಂದ್.

ಮೊನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಬಡಿತ ಶುರುವಾಯಿತು. ತುತ್ತು ಕೈಯಲ್ಲೇ ಹಿಡಿದು ಎಲ್ಲರೂ ಎದ್ದು ನಿಂತರು. ತೂಕದಕ್ಕ ಬಾಗಿಲಿನತ್ತ ಹೊರಟಾಗ ಮೇಸ್ತ್ರಿ ಗದರಿದ: "ಕೂತ್ಕೊಳಮ್ಮ ಸಾಕು. ಸುಮ್ನೆ ತಂಪೆಲ್ಲ ಹೊರಗೆ ಹೋಗುತ್ತೆ. ಐದು ನಿಮಿಷ ಬಡಿದು ಅವಳೇ ಸುಮ್ಮನಾಗ್ತಾಳೆ."

"ಅವತ್ತೂ ಹಾಗೇ ಸುಮ್ಮನಾದ್ಲು," ಎಂದವಳೇ ಚಿಲಕ ಎಳೆದಳು.

ಒಳಗಿದ್ದವನು ಕರೆಂಟಿನವನು. ಬಲ್ಬ್ ಬದಲಿಸಲು ಹೋಗಿದ್ದನ್ನು ಯಾರೂ ಗಮನಿಸಿರಲಿಲ್ಲ. ಮೀಸೆ ಹಿಮ ಕಟ್ಟಿ ಬೆಳ್ಳಗಾಗಿತ್ತು, ಬೆರಳ ಗಂಟುಗಳು ಒಡೆದು ರಕ್ತ. ಅವಳ ಕಾಲ ಬಳಿ ಕುಸಿದ.

"ಅಕ್ಕಾ... ಹೊರಗೆ ಯಾರೂ ಇರ್ಲಿಲ್ವಾ?"

ಹನ್ನೊಂದು ಜನ ಇದ್ದರು. ತಲೆ ತಗ್ಗಿಸಿ ನಿಂತಿದ್ದರು.

"ನೀನು ಅಂತ ಅಂದ್ಕೊಳ್ಲಿಲ್ಲಪ್ಪ," ಎಂದ ಮೇಸ್ತ್ರಿ.

ಕಂಬಳಿ ಹೊದಿಸಿ ಅವನನ್ನು ಬಿಸಿಲಿಗೆ ಕೂರಿಸಿದರು. ಕೋಣೆಯ ಬಾಗಿಲು ಮುಚ್ಚಿ ಮೇಸ್ತ್ರಿ ತಾನೇ ತಲೆ ಎಣಿಸಿದ. ಎಲ್ಲರೂ ಹೊರಗಿದ್ದರು.

ಆಗ ಮತ್ತೆ ಬಡಿತ. ಮೂರು ಸಲ, ನಿಧಾನವಾಗಿ.

ತೂಕದಕ್ಕ ಹೋಗಿ ತೆರೆದಳು. ಹಬೆಯೊಳಗೆ ನೋಡಿ, "ಬಾರೇ," ಎಂದಳು.

ಆ ಬಡಿತ ಏನೆಂದು ನನ್ನನ್ನು ಕೇಳಬೇಡಿ. ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಗೊತ್ತಾಗಲಿ ಅಂತ ಅವಳು ಕಾಯುವುದಿಲ್ಲ, ಅಷ್ಟೇ. ನೀವೂ ಕಾಯಬೇಡಿ. ಬಡಿತ ಕೇಳಿದರೆ ಕಥೆ ಕಟ್ಟುತ್ತ ನಿಲ್ಲಬೇಡಿ. ಎದ್ದು ಹೋಗಿ, ಬಾಗಿಲು ತೆರೆಯಿರಿ.