ಸಮುದ್ರದ ಕಡೆಯ ಕೋಣೆ

ಅಂಡಮಾನಿಗೆ ಹೋಗುವುದೆಂದು ತೀರ್ಮಾನವಾದದ್ದು ಒಂದೇ ಸಂಜೆಯಲ್ಲಿ. ಅಲ್ಲಿ ಎಲ್ಲಿ ಇಳಿದುಕೊಳ್ಳುವುದೆಂದು ತೀರ್ಮಾನಿಸಲು ಏಳು ವಾರ ಹಿಡಿಯಿತು. ಆ ಏಳು ವಾರದ ಕೊನೆಗೆ ನಾನು ಮಾಡಿದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಈಗ ಹೇಳುವಾಗ, ನಡೆದದ್ದಕ್ಕಿಂತ ಹೆಚ್ಚು ಕಡಿಮೆ ಆಗದ ಹಾಗೆ ಹೇಳಬೇಕೆಂದಿದ್ದೇನೆ.

ತೊಂಬತ್ತರ ದಶಕದ ಮಧ್ಯಭಾಗ. ನನಗೆ ಇಪ್ಪತ್ತೇಳು ವರ್ಷ, ಮದುವೆಯಾಗಿರಲಿಲ್ಲ. ಸೇಲಂನಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ನಾಲ್ಕು ವರ್ಷಕ್ಕೊಮ್ಮೆ ಮನೆಯವರನ್ನು ಕರೆದುಕೊಂಡು ದೇಶದ ಯಾವ ಮೂಲೆಗಾದರೂ ಹೋಗಿಬರಲು ನಮಗೆ ಟಿಕೆಟ್ ಸಿಗುತ್ತಿತ್ತು. ಕಚೇರಿಯಲ್ಲಿ ಅದನ್ನು ಎಲ್‌ಟಿಸಿ ಎನ್ನುತ್ತಿದ್ದರು. ಮನೆಯವರು ಎಂದರೆ ಅಪ್ಪ ಮತ್ತು ಅವ್ವ. ಅಪ್ಪ ಓಮಲೂರು ರಸ್ತೆಯ ಜವ್ವರಿಸಿ, ಎಂದರೆ ಸಬ್ಬಕ್ಕಿ, ಮಿಲ್ಲೊಂದರಲ್ಲಿ ಮೇಸ್ತ್ರಿಯಾಗಿದ್ದು, ಸೊಂಟ ಹಿಡಿದ ಮೇಲೆ ಬಿಟ್ಟಿದ್ದರು. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕನನ್ನು ಕೊಳತ್ತೂರಿನವರಿಗೆ ಕೊಟ್ಟು ಎರಡು ವರ್ಷವಾಗಿತ್ತು. ಭಾವನಿಗೆ ಪೋರ್ಟ್ ಬ್ಲೇರಿನಲ್ಲಿ ಕೆಲಸ. ಮದುವೆಯಾಗಿ ಹೋದವಳು ಒಮ್ಮೆಯೂ ತವರಿಗೆ ಬಂದಿರಲಿಲ್ಲ. ಬೇರೆಯವರಿಗೆ ಆ ದ್ವೀಪ ತೆಂಗಿನ ಮರ, ಬಿಳಿ ಮರಳು. ನಮಗೆ ಅಕ್ಕ.

ನಮ್ಮಲ್ಲಿ ಒಂದು ಶಾಸ್ತ್ರ ಇತ್ತು. ಕೊಟ್ಟ ಮಗಳಿಗೆ ಮಗುವಾಗುವ ತನಕ ಹೆತ್ತವರು ಅವಳ ಮನೆಯಲ್ಲಿ ಉಣ್ಣುವುದಿಲ್ಲ, ಮಲಗುವುದಿಲ್ಲ. ಹೋದರೆ ಸ್ವಲ್ಪ ಹೊತ್ತು ಕೂತು ಮಾತಾಡಿ ಎದ್ದುಬರಬೇಕು. ನಮ್ಮ ಹಳ್ಳಿ ಕಡಯಂಪಟ್ಟಿಯಿಂದ ಕೊಳತ್ತೂರಿಗೆ ಮಗಳನ್ನು ಕೊಟ್ಟವರಿಗೆ ಅದು ಕಷ್ಟವಲ್ಲ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಹಿಂದಿರುಗುತ್ತಾರೆ. ಆ ಶಾಸ್ತ್ರ ಮಾಡಿದವರು ಹಡಗಿನಲ್ಲಿ ಮೂರು ದಿನ ಹೋಗಬೇಕಾದ ಊರನ್ನು ಯೋಚಿಸಿರಲಿಲ್ಲ.

ನಾವು ಬರುತ್ತೇವೆಂದು ಬರೆದದ್ದಕ್ಕೆ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದವು. ಭಾವ ತಮಿಳಿನಲ್ಲಿ ಬರೆದಿದ್ದರು: ಮನೆ ಚಿಕ್ಕದು, ನೀರು ದಿನ ಬಿಟ್ಟು ದಿನ ಬರುತ್ತದೆ, ಬಂದರಿನ ಹತ್ತಿರ ಒಳ್ಳೆಯ ಲಾಡ್ಜುಗಳಿವೆ. ಅಕ್ಕ ಕನ್ನಡವನ್ನೇ ತಮಿಳಕ್ಷರದಲ್ಲಿ ಬರೆದಿದ್ದಳು. ನಾವ್ಯಾರೂ ಶಾಲೆಯಲ್ಲಿ ಕನ್ನಡ ಕಲಿತವರಲ್ಲ. ಅವಳ ಕಾಗದದಲ್ಲಿ ಇದ್ದದ್ದು ಮೂರೇ ಸಾಲು: ಲಾಡ್ಜು ಬೇಡ, ನಮ್ಮ ಮನೆಗೇ ಬನ್ನಿ, ಐದು ದಿನವೂ ಇಲ್ಲೇ ಇರಿ.

ಅಪ್ಪ ಅವ್ವ ಇಬ್ಬರಿಗೂ ಓದು ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ. ಅಂದಿನಿಂದ ಶುರುವಾಯಿತು.

"ಮೂರು ದಿನ ಕಪ್ಪಲಲ್ಲಿ ಓಗಿ, ಮಗಳ ಮನೇಲಿ ಒಂದು ತುತ್ತು ಉಣ್ಣದೆ ಬರೋದಾ?" ಎಂದಳು ಅವ್ವ.

"ಉಂಡ್ರೆ ಊರು ಏನಂತೈತೆ?" ಎಂದರು ಅಪ್ಪ.

"ಊರು ಕಪ್ಪಲ್ ಅತ್ಕೊಂಡು ಬತ್ತೈತಾ, ನೀನು ಉಂಡ್ಯಾ ಇಲ್ವಾ ಅಂತ ನೋಡಾಕೆ?"

"ಊರು ಬರಲ್ಲ ಕಣೆ. ಬೀಗ್ತಿ ಕೊಳತ್ತೂರಲ್ಲೇ ಕುಂತವಳೆ. ಆಯಮ್ಮನ ಕಿವಿಗೆ ಬಿದ್ರೆ ಏನಂತಾಳೆ? ಮಗಳ ಮನೇಲಿ ಐದು ದಿನ ಬಿದ್ದಿದ್ದು ತಿಂದು ಬಂದ್ರು ಅಂತಾಳೆ. ಆ ಮಾತು ನಂಗೆ ನಿಂಗೆ ತಾಕಲ್ಲ. ನಿನ್ ಮಗಳಿಗೆ ತಾಕ್ತೈತೆ."

ಅಪ್ಪ ಹಟಕ್ಕೆ ಹೇಳಿದ್ದಲ್ಲ. ಅಕ್ಕನಿಗೆ ಕೆಟ್ಟ ಹೆಸರು ಬಾರದಿರಲೆಂದೇ ಹೇಳಿದ್ದು. ಅವ್ವ ಸೋಲಲಿಲ್ಲ. ಅವಳು ಒಂದು ದಿನ ಮಾತು ಬಿಟ್ಟಳು, ಇನ್ನೊಂದು ದಿನ ಅತ್ತಳು, ಮತ್ತೊಂದು ದಿನ ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟುತ್ತ, "ಲಾಡ್ಜಿನೋರಿಗೆ ಕೊಡಣ ಬಿಡು ಇದನ್ನ" ಎಂದಳು. ಕೊನೆಗೆ ಅಪ್ಪ ನನ್ನ ಕಡೆ ತಿರುಗಿ, "ಪೋನ್ ಮಾಡಿ ಅವಳ್ನೇ ಕೇಳಮ್ಮ. ಅವಳು ಎಂಗಂತಾಳೋ ಅಂಗೇ ಆಗ್ಲಿ" ಎಂದರು. ಅವ್ವನೂ ಸರಿ ಎಂದಳು.

ಈಗ ನನ್ನ ವಿಷಯ. ನಮ್ಮದು ಎರಡು ಕೋಣೆಯ ಮನೆ. ನಾನು ಮಲಗುತ್ತಿದ್ದುದು ಅಡಿಗೆಮನೆಯಲ್ಲಿ. ಸಮುದ್ರವನ್ನು ಒಮ್ಮೆ ಮಾತ್ರ ನೋಡಿದ್ದೆ, ಪರೀಕ್ಷೆ ಬರೆಯಲು ಮದರಾಸಿಗೆ ಹೋದಾಗ, ಬಸ್ಸಿನ ಕಿಟಕಿಯಿಂದ. ಕಚೇರಿಯ ಸಹೋದ್ಯೋಗಿಯೊಬ್ಬರು ಹಿಂದಿನ ವರ್ಷ ಅಂಡಮಾನಿಗೆ ಹೋಗಿಬಂದು ಫೋಟೊ ತೋರಿಸಿದ್ದರು. ಒಂದು ಲಾಡ್ಜಿನ ಕೋಣೆ. ಮಂಚ, ಕುರ್ಚಿ, ದೊಡ್ಡ ಕಿಟಕಿ. ಕಿಟಕಿಯ ತುಂಬ ನೀರು. ಆ ಫೋಟೊವನ್ನು ಎರಡು ದಿನಕ್ಕೆಂದು ಕೇಳಿ ಪಡೆದು ಎರಡು ತಿಂಗಳು ಇಟ್ಟುಕೊಂಡಿದ್ದೆ. ಅಕ್ಕನ ಮನೆಯಲ್ಲಿ ಇಳಿದರೆ ನನಗೆ ಸಿಗುವುದು ಇನ್ನೊಂದು ಅಡಿಗೆಮನೆಯ ನೆಲ ಎಂದು ಯೋಚಿಸಿದ್ದೆ. ಹೌದು, ಯೋಚಿಸಿದ್ದೆ.

ಅಸ್ತಂಪಟ್ಟಿಯ ಎಸ್‌ಟಿಡಿ ಬೂತಿನಿಂದ ಭಾನುವಾರ ಮಧ್ಯಾಹ್ನ ಫೋನ್ ಮಾಡಿದೆ. ಅಕ್ಕನ ಪಕ್ಕದ ಮನೆಯವರದ್ದು ನಂಬರು. ಅವರು ಕೂಗಿದರು, ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು.

"ಲಾಡ್ಜು ಬೇಡ ಕಣೆ. ಇಲ್ಲೇ ಬನ್ನಿ."

"ಅಪ್ಪ ಶಾಸ್ತ್ರ ಅಂತಾರೆ."

"ಗೊತ್ತು. ನಾನೇ ಕೇಳ್ಕೊಂಡೆ ಅಂತ ಏಳು. ರಾತ್ರಿ ಮಲಗಾಕೆ ಮಾತ್ರ ಅಲ್ಲ, ಅಗಲೊತ್ತೂ ಇಲ್ಲೇ ಇರಿ."

"ಯಾಕಕ್ಕ? ಏನಾರ ಐತಾ?"

ಅವಳ ಹಿಂದೆ ಗಂಡಸರೊಬ್ಬರು ನಗುತ್ತ ಪಕ್ಕದ ಮನೆಯವರೊಡನೆ ಮಾತಾಡುತ್ತಿದ್ದರು. ಅದು ಭಾವನ ದನಿ.

"ಏನೂ ಇಲ್ಲ. ಚೆಂದಾಗಿದ್ದೀವಿ. ಇಲ್ಲೇ ಬನ್ನಿ, ಅಷ್ಟೇ."

ಬೂತಿನಿಂದ ಮನೆಗೆ ನಡೆದರೆ ಹತ್ತು ನಿಮಿಷ. ಬಾಗಿಲಲ್ಲೇ ಅಪ್ಪ ಕೂತಿದ್ದರು. ಒಳಗೆ ಅವ್ವ ಅಕ್ಕಿ ಆರಿಸುತ್ತಿದ್ದಳು.

"ಏನಂದ್ಳಮ್ಮ?"

"ಎಲ್ಲಿ ವಸದಿಯೋ ಅಲ್ಲಿ ಇರಿ ಅಂದ್ಳು."

ಇಷ್ಟೇ ನಾನು ಹೇಳಿದ್ದು. ವಸದಿ ಎಂದರೆ ಅನುಕೂಲ. ನಮ್ಮ ಮನೆಯಲ್ಲಿ ಆ ತಮಿಳು ಪದವೇ ಬಳಕೆ. ಅಕ್ಕ ಅದನ್ನು ಹೇಳಿರಲಿಲ್ಲ. ಅಪ್ಪನ ಮುಖ ಹಗುರವಾಯಿತು. "ನೋಡ್ದ್ಯಾ? ಅವಳಿಗೆ ಗೊತ್ತೈತೆ" ಎಂದು ಒಳಗೆ ಕೂಗಿ ಹೇಳಿದರು. ಅವ್ವ ಮೊರವನ್ನು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಮರುದಿನ ನಾನು ಲಾಡ್ಜಿಗೆ ಬರೆದೆ. ಸಮುದ್ರದ ಕಡೆಯ ಕೋಣೆ ಬೇಕೆಂದು ಬರೆದೆ.

ಬಂದರಿಗೆ ಭಾವ ಒಬ್ಬರೇ ಬಂದಿದ್ದರು. ಲಾಡ್ಜಿಗೆ ಕರೆದೊಯ್ದು, ಸಾಮಾನು ಎತ್ತಿಟ್ಟು, ಸಂಜೆ ಮನೆಗೆ ಕರೆದುಕೊಂಡು ಹೋದರು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಜೇಬಿನಿಂದ ಕೀ ತೆಗೆದು ಬೀಗ ತೆರೆದರು. ಒಳಗೆ ಅಕ್ಕ ನಿಂತಿದ್ದಳು.

"ಕಳ್ಳರ ಕಾಟ ಮಾವ. ಒಬ್ಬಳೇ ಇರ್ತಾಳಲ್ಲ, ಅದಕ್ಕೇ" ಎಂದರು ಭಾವ.

ಅಪ್ಪ ತಲೆಯಾಡಿಸಿದರು. ಅವ್ವ, ನಾನು ಕೂಡ ತಲೆಯಾಡಿಸಿದೆವು.

ಅಕ್ಕ ಕಾಫಿ ತಂದಳು. ಅಪ್ಪ ಅವ್ವ ಮುಟ್ಟಲಿಲ್ಲ. "ಕಾಫಿಗೂ ಶಾಸ್ತ್ರ ಐತಾ ಮಾವ? ಅದು ಬಿಳಿ ದೊರೆ ತಂದ ಬೀಜ, ನಮ್ಮ ಶಾಸ್ತ್ರಕ್ಕೆ ಅದರ ಪರಿಚಯನೇ ಇಲ್ಲ" ಎಂದು ಭಾವ ನಗಿಸಿದರು. ಎಲ್ಲರೂ ನಕ್ಕೆವು. ಲೋಟಗಳನ್ನು ತೊಳೆಯಲು ನಾನು ಅಕ್ಕನ ಹಿಂದೆ ಅಡಿಗೆಮನೆಗೆ ಹೋದೆ. ನಲ್ಲಿ ಬಿಟ್ಟು, ಅದರ ಸದ್ದಿನಲ್ಲಿ ಕೇಳಿದೆ.

"ದಿನಾ ಬೀಗ ಆಕ್ತಾರಾ?"

"ಒಂಬತ್ತಕ್ಕೆ ಆಕ್ತಾರೆ, ಆರಕ್ಕೆ ತೆಗೀತಾರೆ. ಬಂದಾಗಿಂದ." ಅವಳ ದನಿಯಲ್ಲಿ ದೂರು ಇರಲಿಲ್ಲ. "ನೀವು ಇಲ್ಲಿದ್ದಿದ್ರೆ ಐದು ದಿನ ತೆಗೆದಿರ್ತಿತ್ತು. ಅಪ್ಪ ಅವ್ವ ಒಳಗಿರೋವಾಗ ಆಕಾಕಾಗಲ್ಲ ಅಲ್ವಾ? ಅವರು ಆಪೀಸಿಗೆ ಓದ್ಮೇಲೆ ಅವ್ವಂಗೆ ಎಲ್ಲಾ ಏಳ್ಕೊಂಡು, ನಿಮ್ಜೊತೆನೇ ಒಂಟೋಗಣ ಅಂತಿದ್ದೆ." ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು. "ಪೋನಲ್ಲಿ ಅಷ್ಟು ಏಳಿದ್ನಲ್ಲೇ. ನೀನು ಅಪ್ಪಂಗೆ ಏಳಲಿಲ್ವಾ?"

"ಏಳ್ದೆ. ಅಪ್ಪನೇ ಒಪ್ಪಲಿಲ್ಲ" ಎಂದೆ.

ಮೊದಲನೆಯ ಸುಳ್ಳಿಗೆ ನನಗೆ ಹತ್ತು ನಿಮಿಷದ ದಾರಿ ಇತ್ತು. ಇದಕ್ಕೆ ಒಂದು ಕ್ಷಣವೂ ಬೇಕಾಗಲಿಲ್ಲ. ಅಕ್ಕ ನನ್ನನ್ನು ನೋಡಲಿಲ್ಲ. ಲೋಟಗಳನ್ನು ಒಂದೊಂದಾಗಿ ಬೋರಲು ಹಾಕಿದಳು. ಹೊರಗಿನಿಂದ ಭಾವ ಕರೆದರು.

ಮರುದಿನ ಬೆಳಿಗ್ಗೆ ಲಾಡ್ಜಿನಲ್ಲಿ ಬೀಗದ ವಿಷಯವನ್ನು ಅವ್ವನಿಗೆ ಹೇಳಿದೆ, ಅದನ್ನು ಮಾತ್ರ. ಅವ್ವ ಅಪ್ಪನಿಗೆ ಹೇಳಿದಳು. ಹನ್ನೊಂದು ಗಂಟೆಗೆ ಮೂವರೂ ಹೋದೆವು. ಬಾಗಿಲಿಗೆ ಬೀಗ. ಕಿಟಕಿಗೆ ಸೊಳ್ಳೆಯ ಜಾಲರಿ, ಅದರ ಹಿಂದೆ ಅಕ್ಕ. ಅವ್ವ ಜಾಲರಿಗೆ ಅಂಗೈ ಒತ್ತಿ ನಿಂತಳು. ಅಪ್ಪ, "ಪೆಟ್ಟಿ ತಗೊಂಡು ಇಲ್ಲೇ ಬಂದ್ಬಿಡ್ತೀವಮ್ಮ, ಶಾಸ್ತ್ರ ಆಳಾಗೋಗ್ಲಿ" ಎಂದರು.

"ಇನ್ನು ಬೇಡಪ್ಪ" ಎಂದಳು ಅಕ್ಕ. "ಮೊದಲೇ ಬಂದಿದ್ರೆ ನೆಂಟರು ಬಂದಂಗೆ ಇರ್ತಿತ್ತು. ಈಗ ಬಂದ್ರೆ ನಾನು ಏಳ್ಕೊಟ್ಟೆ ಅಂತ ಗೊತ್ತಾಗ್ತೈತೆ. ನೀವು ಓಗ್ತೀರ, ನಾನು ಇಲ್ಲಿರ್ಬೇಕು."

ಅಪ್ಪ ಆ ಸಂಜೆ ಭಾವನನ್ನು ಕೇಳಿದರು, ಒಂದು ತಿಂಗಳು ಮಗಳನ್ನು ಕರೆದುಕೊಂಡು ಹೋಗುತ್ತೇವೆ ಎಂದು. "ಧಾರಾಳವಾಗಿ ಮಾವ. ಆದ್ರೆ ಈ ಕಪ್ಪಲಲ್ಲಿ ಟಿಕೆಟ್ ಎಲ್ಲೈತೆ? ಮುಂದಿನ ಕಪ್ಪಲಿಗೆ ನಾನೇ ಅತ್ತಿಸ್ತೀನಿ" ಎಂದರು ಭಾವ. ಟಿಕೆಟ್ ಇಲ್ಲದಿದ್ದುದು ನಿಜ. ನಾನೇ ಹೋಗಿ ವಿಚಾರಿಸಿದ್ದೆ. ಉಳಿದ ಮೂರು ದಿನ ಸಂಜೆ ಆರರಿಂದ ಏಳರವರೆಗೆ ಅಕ್ಕನನ್ನು ನೋಡಿದೆವು, ಭಾವನ ಎದುರಿಗೆ. ಮಿಕ್ಕ ಹೊತ್ತು ಆ ಕೋಣೆಯಲ್ಲಿ ಕೂತೆವು. ಫೋಟೊದಲ್ಲಿದ್ದ ಹಾಗೆಯೇ ಇತ್ತು. ಅಪ್ಪ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ನೀರನ್ನು ನೋಡುತ್ತ ಕೂತಿರುತ್ತಿದ್ದರು. ನಾನು ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದೆ.

ಮುಂದಿನ ಹಡಗಿನಲ್ಲಿ ಅಕ್ಕ ಬರಲಿಲ್ಲ, ಅದರ ಮುಂದಿನದರಲ್ಲೂ ಬರಲಿಲ್ಲ. ಅಪ್ಪ ಕೊಳತ್ತೂರಿಗೆ ನಾಲ್ಕು ಸಲ ಹೋಗಿ ಹಿರಿಯರನ್ನು ಕೂರಿಸಿದರು. "ಒಡೀತಾನಾ? ಇಲ್ಲ. ಕುಡೀತಾನಾ? ಇಲ್ಲ. ಎಂಡ್ತಿ ಬದ್ರವಾಗಿರ್ಲಿ ಅಂತ ಬೀಗ ಆಕೋನ ಮೇಲೆ ಪಂಚಾಯ್ತಿ ಮಾಡ್ತಾರೇನಯ್ಯ?" ಎಂದು ಆ ಹಿರಿಯರು ಕೇಳಿ ಕಳಿಸಿದರು. ಮತ್ತೆ ಹಡಗಿನಲ್ಲಿ ಹೋಗುವಷ್ಟು ಅಪ್ಪನ ಸೊಂಟ ಸರಿಯಾಗಲಿಲ್ಲ.

"ನಾನೇ ಶಾಸ್ತ್ರ ಅಂತ ಕುಂತೆ. ನಂಗೆ ಬೇಜಾರಾಗ್ಬಾರ್ದು ಅಂತ ಆ ಕೂಸು ಎಲ್ಲಿ ವಸದಿಯೋ ಅಲ್ಲಿರಿ ಅಂದೈತೆ. ನಂಗೆ ತಿಳೀಬೇಕಿತ್ತು" ಎಂದು ಅಪ್ಪ ಹೇಳುತ್ತಿದ್ದರು. ಮೊದಮೊದಲು ಅವ್ವನಿಗೆ, ಆಮೇಲೆ ಬಂದವರಿಗೆಲ್ಲ, ಆಮೇಲೆ ಯಾರೂ ಇಲ್ಲದಾಗಲೂ. ಪಕ್ಕದಲ್ಲಿ ನಾನಿರುತ್ತಿದ್ದೆ. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಏಳು ವರ್ಷ ಅವರು ಬದುಕಿದ್ದರು, ನಾನು ಹೇಳಲಿಲ್ಲ.

ಅಕ್ಕನ ಕಾಗದಗಳು ಎರಡು ಮೂರು ತಿಂಗಳಿಗೊಂದು ಬರುತ್ತಿದ್ದವು. ಅವ್ವನಿಗೆ ಬರೆಯುತ್ತಿದ್ದಳು. ಅಪ್ಪನ ಹೆಸರೆತ್ತುತ್ತಿರಲಿಲ್ಲ, ಹೇಗಿದ್ದಾರೆ ಎಂದೂ ಕೇಳುತ್ತಿರಲಿಲ್ಲ. ಕಾಗದ ಬಂದಿತೆಂದರೆ ಅಪ್ಪ ಸೊಂಟ ಹಿಡಿದುಕೊಂಡು ಬಂದು ನನ್ನ ಎದುರು ನೆಲದ ಮೇಲೆ ಕೂರುತ್ತಿದ್ದರು. ನಾನು ಓದುತ್ತಿದ್ದೆ. ಕೊನೆಗೆ, ಅಲ್ಲಿ ಇಲ್ಲದ ಒಂದು ಸಾಲನ್ನು ಸೇರಿಸುತ್ತಿದ್ದೆ: ಅಪ್ಪನ ಸೊಂಟ ಈಗ ಹೇಗಿದೆ, ನೋಡಿಕೊಳ್ಳಲು ಹೇಳು.

"ಇನ್ನೊಂದು ದಪ ಓದಮ್ಮ" ಎನ್ನುತ್ತಿದ್ದರು ಅಪ್ಪ. ಪದ ಬದಲಾಗದ ಹಾಗೆ ಎಚ್ಚರ ವಹಿಸಿ ನಾನು ಇನ್ನೊಮ್ಮೆ ಓದುತ್ತಿದ್ದೆ.