ಬಿಳಿ ಟೈಲರ್ ತುತ್ತು

ಕೂಸಿಗೆ ಉಣಿಸುವಾಗಲೆಲ್ಲ ಅವಳಿಗೆ ಅದೇ ಚಿಂತೆ: ಅಪ್ಪ ಏನಾದರೂ ತಿಂದನೋ, ಇಲ್ಲ ಮತ್ತೆ ಆ ನೋವಿನ ಮಾತ್ರೆಯನ್ನೇ ನುಂಗಿ ಕೂತನೋ. ಮಗ ನಾಲ್ಕು ಸಲ ಬಿಕ್ಕಿದರೆ ಸಾಕು, ಡಾಕ್ಟರ ಹತ್ತಿರ ಓಡುವ ಜೀವ ಅವಳದು. ಅಪ್ಪನನ್ನು ನೆನೆದರಂತೂ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು.

ಅಪ್ಪ ದರ್ಜಿ. ಡಾಕ್ಟರುಗಳ ಕೋಟು, ದಾದಿಯರ ಉಡುಪು, ಬರೀ ಬಿಳಿ ಬಟ್ಟೆಯ ಕೆಲಸ. ಬೀದಿಯವರಿಗೆಲ್ಲ ಅವನು ಬಿಳಿ ಟೈಲರ್. "ಬಿಳಿ ಬಟ್ಟೆಯಂಥ ಚಾಡಿಕೋರ ಇನ್ನೊಬ್ಬನಿಲ್ಲ. ಬೆರಳಲ್ಲಿ ಎಣ್ಣೆ ಪಸೆ ಇದ್ರೆ ಊರಿಗೆಲ್ಲ ಸಾರುತ್ತೆ" ಎನ್ನುತ್ತಿದ್ದ. ಹಾಗಾಗಿ ಬೆಳಿಗ್ಗೆ ಕತ್ತರಿ ಹಿಡಿದರೆ ಸಂಜೆಯವರೆಗೆ ಅನ್ನ ಮುಟ್ಟುತ್ತಿರಲಿಲ್ಲ. ಅಮ್ಮ ಇದ್ದಾಗ ಅದಕ್ಕೊಂದು ದಾರಿಯಿತ್ತು. ತಟ್ಟೆ ಹಿಡಿದು ಮಿಷನ್ ಪಕ್ಕದ ಸ್ಟೂಲಿನ ಮೇಲೆ ಕೂರುವಳು. ಹೊಲಿಗೆಯೊಂದು ಮುಗಿದಾಗಲೆಲ್ಲ ಒಂದು ತುತ್ತು ಅವನ ಬಾಯಿಗಿಡುವಳು.

"ಬಾಯಿ ತೆಗೀರಿ, ನನ್ನ ದೊಡ್ಡ ಮಗು."

"ತಟ್ಟೆ ಆ ಕಡೆ ಹಿಡಿಯೇ, ಕೋಟಿಗೆ ಉಣಿಸ್ತೀಯಾ ನನಗಾ?"

ಅಮ್ಮ ಹೋದಳು. ಸ್ಟೂಲು ಉಳಿಯಿತು. ಅಪ್ಪ ಅದರ ಮೇಲೆ ಬಟ್ಟೆಯ ಥಾನು ಇಟ್ಟುಬಿಟ್ಟ.

ಆಮೇಲೆ ಹಗಲಿಡೀ ಖಾಲಿ ಹೊಟ್ಟೆ. ಕತ್ತರಿ ಆಡಿಸಿ ಆಡಿಸಿ ಸೋತ ಬಲಭುಜಕ್ಕೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ, ಮೇಲೊಂದು ಟೀ, ಸಿಗರೇಟು. ಹೊಟ್ಟೆ ಉರಿಯುತ್ತದೆ ಎಂದು ಬಾಯಿಬಿಟ್ಟು ಹೇಳಿದವನಲ್ಲ. ಒಂದು ಮುಂಜಾನೆ ಕಾಫಿ ಗಸಿಯಂತೆ ಕಪ್ಪಗೆ ವಾಂತಿ ಮಾಡಿಕೊಂಡು ಬಚ್ಚಲಲ್ಲಿ ಕುಸಿದಾಗಲೇ ಗೊತ್ತಾಗಿದ್ದು.

ಡಾಕ್ಟರಮ್ಮ ಗಂಟಲೊಳಗೆ ನಳಿಕೆ ಇಳಿಸಿ ನೋಡಿ, ಜಠರದಲ್ಲಿ ಹುಣ್ಣಾಗಿ ರಕ್ತ ಜಿನುಗಿದೆ ಎಂದರು.

"ಖಾರ ಜಾಸ್ತಿ ಆಯ್ತಾ ಮೇಡಂ?" ಎಂದಳು ಇವಳು.

"ಎಲ್ಲರೂ ಮೆಣಸಿನಕಾಯಿ ಮೇಲೇ ಗೂಬೆ ಕೂರಿಸ್ತಾರೆ ನೋಡಿ. ಹೊಟ್ಟೆಯಲ್ಲಿ ಒಂದು ಕ್ರಿಮಿ ಮನೆ ಮಾಡಿದೆ, ಮೇಲಿಂದ ಈ ನೋವಿನ ಮಾತ್ರೆ. ಎರಡೂ ಸೇರಿ ಒಳಪದರ ಕೆರೆದುಹಾಕಿವೆ. ಕ್ರಿಮಿಗೆ ಎರಡು ವಾರ ಆಂಟಿಬಯಾಟಿಕ್ ಕೊಡ್ತೀನಿ, ಉರಿ ನಿಂತ್ರೂ ನಡುವೆ ಬಿಡಬಾರದು. ಆಮ್ಲ ತಗ್ಗಿಸೋ ಮಾತ್ರೆ ಊಟಕ್ಕೆ ಮುಂಚೆ. ಸಿಗರೇಟು ಸೇದಿದ್ರೆ ಹುಣ್ಣು ಬೇಗ ಮಾಯಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಿ. ಆ ನೋವಿನ ಮಾತ್ರೆ ಮಾತ್ರ ಇನ್ನು ಮುಟ್ಟೋ ಹಾಗಿಲ್ಲ."

ಅಪ್ಪನ ಕಣ್ಣು ಅವರ ಕೋಟಿನ ಮೇಲಿತ್ತು. "ಎರಡನೇ ಗುಂಡಿ ಸಡಿಲ ಆಗಿದೆ ಮೇಡಂ. ನಾನೇ ಹೊಲಿದಿದ್ದು. ಕಳಿಸಿಕೊಡಿ."

ಹೇಳಿದ್ದೆಲ್ಲ ಮಾಡಿದ. ಸಿಗರೇಟು ಬಿಟ್ಟ. ಇವಳು ಮಗನಿಗೆ ಉಣಿಸಿ ಬಂದು ಎದುರು ನಿಂತು ಮಾತ್ರೆ ನುಂಗಿಸಿದಳು. ಉರಿ ಇಳಿಯಿತು, ಮುಖದಲ್ಲಿ ಕಳೆ ಬಂತು. ಆದರೆ ನೋವಿನ ಮಾತ್ರೆ ನಿಂತದ್ದೇ ತಡ, ಭುಜ ಹಟ ಹೂಡಿತು. ಡಾಕ್ಟರಮ್ಮ ಬರೆದುಕೊಟ್ಟ ಸೌಮ್ಯ ಮಾತ್ರೆಗೂ ಮುಲಾಮಿಗೂ ಅದು ಜಗ್ಗಲಿಲ್ಲ. ಹೊಟ್ಟೆ ಉಳಿಯಿತು, ಕೈ ಹೋಯಿತು.

ಅಷ್ಟರಲ್ಲಿ ನರ್ಸಿಂಗ್ ಶಾಲೆಯಿಂದ ಹೊಸ ಹುಡುಗಿಯರ ಉಡುಪಿಗೆಂದು ಥಾನು ಬಂತು. "ಆಗಲ್ಲ ಅಂತ ನೀನೇ ಫೋನ್ ಮಾಡಿ ಹೇಳ್ಬಿಡು ಪುಟ್ಟಿ. ನನ್ನ ಬಾಯಲ್ಲಿ ಆ ಮಾತು ಬರಲ್ಲ" ಎಂದ ಅಪ್ಪ. ಅವಳಿಗೂ ಬರಲಿಲ್ಲ. ಇವತ್ತು ಬೇಡ, ನಾಳೆ ಎಂದು ದೂಡಿದಳು. ಆ ಒಂದು ಮಾತು ಆಡಿದರೆ ಅಂಗಡಿಯ ಬಾಗಿಲು ಎಳೆದಂತೆ.

ಇವತ್ತು ಮಧ್ಯಾಹ್ನ ಮಗನನ್ನು ಸೊಂಟದ ಮೇಲಿಟ್ಟುಕೊಂಡು, ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದರೆ, ಅಪ್ಪ ಮೇಜಿನ ಮೇಲೆ ಬಟ್ಟೆ ಹರಡಿ ನೀಲಿ ಚಾಕ್‌ಪೀಸಿನಲ್ಲಿ ಗೆರೆ ಎಳೆಯುತ್ತಿದ್ದ. ಕೈ ಸರಾಗವಾಗಿ ಓಡುತ್ತಿತ್ತು. ಮಾತ್ರೆ ಇಲ್ಲದೆ ಆ ಕೈ ಹೀಗೆ ಓಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮಿಷನ್ ಪಕ್ಕದ ದಾರದ ಬಾಬಿನ್ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಮಾತ್ರೆಯ ಪಟ್ಟಿ.

"ಎಷ್ಟು ದಿನದಿಂದ ಅಪ್ಪ?"

"ಇವತ್ತೇ. ಒಂದೇ ಒಂದು."

"ಹೊಟ್ಟೆಗೆ ಏನಾದ್ರೂ ಹಾಕ್ಕೊಂಡಿದ್ಯಾ? ಮಲ ಕಪ್ಪಗೆ ಹೋಯ್ತಾ?"

"ನಿನ್ನ ಮಗನ ಚಡ್ಡಿ ವಿಚಾರಣೆ ಮುಗೀತು, ಈಗ ನನ್ನದಾ?" ಎಂದು ನಗಲು ನೋಡಿದ. ನಗು ಬರಲಿಲ್ಲ. "ಇಲ್ಲಮ್ಮ, ಕಪ್ಪಗಿಲ್ಲ. ನೀನು ಫೋನ್ ಮಾಡಿರಲಿಲ್ಲ. ನಿನಗೂ ಮನಸ್ಸಿಲ್ಲ ಅಂದ್ಕೊಂಡೆ. ಇದೊಂದು ಸಲ ಹೊಲಿಯೋಣ ಅನ್ನಿಸ್ತು."

ಅವಳು ಮಗನನ್ನು ನೆಲಕ್ಕೆ ಬಿಟ್ಟಳು. ಸ್ಟೂಲಿನ ಮೇಲಿನ ಥಾನು ಎತ್ತಿ ಬದಿಗಿಟ್ಟು, ಅಲ್ಲಿ ಕೂತು ಡಬ್ಬಿ ಬಿಚ್ಚಿ ಅನ್ನ ಕಲಸಿದಳು.

"ಬಾಯಿ ತೆಗಿ."

ಅಪ್ಪ ಸ್ಟೂಲನ್ನೇ ನೋಡುತ್ತ ನಿಂತ. ಆಮೇಲೆ, ಎಂದಿನಂತೆ ಎರಡೂ ಕೈ ಬಟ್ಟೆಯಿಂದ ದೂರ ಹಿಡಿದು, ಬಾಗಿ ಬಾಯಿ ತೆರೆದ. ಕಣ್ಣಲ್ಲಿ ನೀರು ತುಂಬಿತ್ತು. ಒರೆಸಿಕೊಳ್ಳೋಣವೆಂದರೆ ಬೆರಳೆಲ್ಲ ನೀಲಿ ಪುಡಿ. ಇವಳೇ ಸೆರಗಿನಲ್ಲಿ ಒರೆಸಿದಳು. ಡಬ್ಬಿ ಖಾಲಿಯಾಗುವವರೆಗೂ ಉಣಿಸಿದಳು.

"ಸಂಜೆ ಡಾಕ್ಟರಮ್ಮನ ಹತ್ರ ಹೋಗ್ಬೇಕು, ನುಂಗಿದ್ದನ್ನ ಹೇಳ್ಬೇಕು" ಎಂದು ಕೈ ತೊಳೆದು ಬಂದು ನರ್ಸಿಂಗ್ ಶಾಲೆಗೆ ಫೋನ್ ಮಾಡಿದಳು.

"ಮೇಡಂ, ಬಿಳಿ ಟೈಲರ್ ಮಗಳು ಮಾತಾಡ್ತಿರೋದು. ನಿಮ್ಮ ಥಾನು ವಾಪಸ್ ಕಳಿಸ್ತೀವಿ. ಅಪ್ಪನ ಕೈಲಿ ಆಗಲ್ಲ. ಇಲ್ಲ ಮೇಡಂ, ಮುಂದಿನ ವರ್ಷಾನೂ ಇಲ್ಲ."

ಅಪ್ಪ ಒಣ ಬಟ್ಟೆಯ ಚೂರಿನಿಂದ ತಾನೆಳೆದ ನೀಲಿ ಗೆರೆಗಳನ್ನು ಒಂದೊಂದಾಗಿ ಒರೆಸತೊಡಗಿದ್ದ. ತಲೆಯೆತ್ತದೆ ಮೆಲ್ಲಗೆ ಹೇಳಿದ: "ಗುಂಡಿಗಿಂಡಿ ಕಿತ್ತಿದ್ರೆ ಕಳಿಸಿಕೊಡಿ ಅನ್ನು."

ಅವಳು ಅದನ್ನೂ ಹೇಳಿದಳು.