ಜೂನ್ ಒಂದಕ್ಕೆ ಹುಟ್ಟದವಳು

ಸಿಂದಗಿಯ ನಮ್ಮ ಶಾಲೆಯಲ್ಲಿ ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ‘ಈ ದಿನದ ವಿಶೇಷ’ ಬರೆಯುವ ಕೆಲಸ ನನ್ನದು. ಯಾವ ಯುದ್ಧ ಮುಗಿಯಿತು, ಯಾವ ವಿಜ್ಞಾನಿ ಹುಟ್ಟಿದ, ಯಾವ ರಾಜ ಸತ್ತ, ಎಲ್ಲ ನನಗೆ ಬಾಯಿಪಾಠ. ನಾನು ಹುಟ್ಟಿದ ದಿನ ಮಾತ್ರ ಗೊತ್ತಿರಲಿಲ್ಲ. ದಾಖಲೆಯಲ್ಲಿ ಜೂನ್ ಒಂದು. ನಮ್ಮ ಸ್ಟಾಫ್ ರೂಮಿನ ಅರ್ಧಕ್ಕರ್ಧ ಜನ ಅಂದೇ ಹುಟ್ಟಿದವರು! ಮಗುವನ್ನು ಶಾಲೆಗೆ ಸೇರಿಸುವಾಗ ಮನೆಯವರಿಗೆ ತಾರೀಖು ಗೊತ್ತಿಲ್ಲದಿದ್ದರೆ ಹೆಡ್‌ಮಾಸ್ತರರು ಕಣ್ಣು ಮುಚ್ಚಿ ಜೂನ್ ಒಂದು ಬರೆಯುತ್ತಿದ್ದರು. ಆ ದಿನ ಎಲ್ಲರ ಜೊತೆ ಪೇಡೆ ತಿನ್ನುವಾಗ ನನಗೆ ಒಳಗೊಳಗೇ ಸಿಟ್ಟು. ಜಗತ್ತಿನವರ ಹುಟ್ಟುಹಬ್ಬವನ್ನೆಲ್ಲ ಬರೆಯುವವಳಿಗೆ ತನ್ನದೇ ಒಂದು ದಿನ ಬೇಡವೇ?

ಅವ್ವನನ್ನು ಕೇಳಿದಾಗಲೆಲ್ಲ ಒಂದೇ ಉತ್ತರ: “ಸೀತನಿ ತಿನ್ನೂ ದಿನ ಇದ್ದೂ. ಅಷ್ಟ ನೆನಪೈತಿ.” ಎಳೆ ಜೋಳ ಸುಟ್ಟು ತಿನ್ನುವ ಕಾಲವೇನು ಒಂದು ದಿನದ್ದೇ? ಅಪ್ಪನಿಗೂ ತಾರೀಖು ನೆನಪಿರಲಿಲ್ಲ.

ಈ ವರ್ಷ ಪುಷ್ಯದ ಬನದ ಹುಣ್ಣಿಮೆಯ ಮರುದಿನ ಅವ್ವನಿರುವ ನಮ್ಮೂರು ಕನ್ನೊಳ್ಳಿಗೆ ಹೋಗಿದ್ದೆ. ಅದು ಅಪ್ಪನ ತಾಯಿ ತೀರಿಕೊಂಡ ದಿನ. ಹೋಳಿಗೆ ಮಾಡಿ ಅಜ್ಜಿಗೆ ಎಡೆ ಹಿಡಿಯುತ್ತೇವೆ. ಅಲ್ಲಿಯವರೆಗೆ ಯಾರೂ ಏನೂ ಬಾಯಿಗೆ ಹಾಕುವಂತಿಲ್ಲ. ಅವ್ವ ಸಾರಿನ ಉಪ್ಪು ಕೂಡ ನೋಡುವುದಿಲ್ಲ. ಅಂಥವಳು ನಾನು ಚಿಕ್ಕವಳಿದ್ದಾಗ ನನ್ನನ್ನು ಒಲೆಯ ಹಿಂದೆ ಕರೆದು ಮೊದಲ ಹೋಳಿಗೆಯನ್ನು ಕದ್ದು ಕೈಗಿಡುತ್ತಿದ್ದಳು. ಅಪ್ಪ ಬಂದಾನೆಂದು ಬಾಗಿಲು ನೋಡುತ್ತ ಅವಸರವಸರವಾಗಿ ನುಂಗುತ್ತಿದ್ದೆ. ಮಗಳಿಗೆ ಹಸಿವೆ ತಡೆಯದು ಎಂಬ ಮರುಕ ಇರಬೇಕು ಅಂದುಕೊಂಡಿದ್ದೆ.

ಅಪ್ಪ ಹೋದ ಮೇಲೆ ಇದು ಮೊದಲ ಎಡೆ. ಒಲೆಯ ಮುಂದೆ ಇಬ್ಬರೇ ಇದ್ದೆವು. ನಾನು ಹುಟ್ಟಿದ್ದು ಯಾವತ್ತು ಎಂದು ಮತ್ತೆ ಕೇಳಿದೆ.

“ಇವತ್ತ,” ಎಂದಳು ಅವ್ವ.

ನಾನು ಲಟ್ಟಣಿಗೆ ಬದಿಗಿಟ್ಟು ಅವಳ ಕಡೆ ತಿರುಗಿದೆ.

“ನಾ ಲಚ್ಯಾಣದಾಗ, ತವರಮನ್ಯಾಗ ನಿನ್ನ ಹಡದೆ. ಅದ ದಿನ ಇಲ್ಲಿ ನಿಮ್ಮಜ್ಜಿ ಹೋದ್ಲು. ಹುಟ್ಟಿದ ದಿನಾನ ಅಜ್ಜೀನ ನುಂಗಿತು ಅಂತ ನಿನ್ನ ಆಡಿಕೊಂಡಾರು ಅಂತ ಹೆದರಿಕಿ. ವಾರ ಬಿಟ್ಟು ಹುಟ್ಟೇತಿ ಅಂತ ಹೇಳಿಕಳಿಸಿದ್ವಿ. ಮುಂದ ಮಾಸ್ತರು ಜೂನ್ ಒಂದು ಅಂತ ಬರದ್ರು ನೋಡು, ನನಗ ಹಾಲು ಕುಡದಷ್ಟು ಸಂತೋಷ ಆತು.”

“ನನಗರೆ ಹೇಳಬಾರದಿತ್ತೇನಬೇ?” ಸಿಟ್ಟಿಗೆ ನನ್ನ ಕಣ್ಣು ತುಂಬಿದವು. ಅಪ್ಪನಿಗೆ ಕೊನೆಯವರೆಗೂ ನನ್ನ ದಿನ ಗೊತ್ತಾಗಲಿಲ್ಲ.

ಅವ್ವ ಹಂಚಿನಿಂದ ಮೊದಲ ಹೋಳಿಗೆ ತೆಗೆದು, ತುಪ್ಪ ಸವರಿ ನನ್ನ ಕೈಗಿಟ್ಟಳು. ಎಡೆ ಇನ್ನೂ ಹಿಡಿದಿರಲಿಲ್ಲ.

“ವರ್ಷಾ ವರ್ಷಾ ಕೊಡ್ತಿದ್ನಲ್ಲ,” ಎಂದಳು. “ಯಾಕಂತ ತಿಳದಿದ್ದಿ?”

ಈ ಸಲ ಬಾಗಿಲ ಕಡೆ ನೋಡದೆ, ಅವಳ ಎದುರಿಗೇ ಕೂತು ನಿಧಾನವಾಗಿ ತಿಂದೆ.